ಚೀಟಿ ಕೊಟ್ಟು ಕಾಯುವ ಒಪ್ಪಂದ: ಡಿಸ್ಕ್ ಡ್ರೈವರ್ ಇಂಟರ್‌ಫೇಸಿನ ಐವತ್ತು ವರ್ಷ

ಈ ವಾರದ ವಿಡಿಯೋದ ಬರಹ ರೂಪ ಇದು. ಹಿಂಜವಡಿಗೆ ಹೋಗೋ ಕಂಪನಿ ಬಸ್ಸಲ್ಲಿ ಕೂತು ಓದ್ತೀವಿ ಅಂತ ಕೇಳಿದವರಿಗಾಗಿ, ಮಾತಿನ ಧಾಟಿಯನ್ನ ಆದಷ್ಟು ಹಾಗೇ ಇಟ್ಟಿದ್ದೀನಿ.

ಪುಣೆಗೆ ಬಂದ ಹೊಸದರಲ್ಲಿ ಸಿಸ್ಟಮ್ಸ್ ಕೆಲಸ ಹುಡುಕಿದವರಿಗೆ ಒಂದು ವಿಷಯ ಬೇಗ ಗೊತ್ತಾಗುತ್ತೆ. ಈ ಊರಲ್ಲಿ ಕರ್ನಲ್ ಕೆಲಸ ಅಂದ್ರೆ ಬಹುಪಾಲು ಸ್ಟೋರೇಜ್ ಕೆಲಸ. ವಾಲ್ಯೂಮ್ ಮ್ಯಾನೇಜರ್, ಫೈಲ್ ಸಿಸ್ಟಮ್, ಬ್ಯಾಕಪ್, ಮಲ್ಟಿಪಾತಿಂಗ್. ಇದಕ್ಕೆ ದೊಡ್ಡ ಕಾರಣ ವೆರಿಟಾಸ್. 1990ರ ದಶಕದಿಂದ ಪುಣೆಯಲ್ಲಿ ಅದರ ಡೆವಲಪ್‌ಮೆಂಟ್ ಸೆಂಟರ್ ಇತ್ತು. ಅಲ್ಲಿ ಕಲಿತವರು ಊರಿನ ಬೇರೆ ಸ್ಟೋರೇಜ್ ಕಂಪನಿಗಳಿಗೂ ಹರಡಿದರು. ಈ ಕೆಲಸವೆಲ್ಲ ಕರ್ನಲ್ಲಿನ ಒಂದೇ ಗಡಿಯ ಮೇಲೆ ನಿಂತಿದೆ. ಕರ್ನಲ್ ಡಿಸ್ಕ್ ಡ್ರೈವರಿಗೆ ಏನು ಹೇಳುತ್ತೆ, ಡ್ರೈವರ್ ವಾಪಸ್ ಏನು ಹೇಳುತ್ತೆ ಅನ್ನೋ ಗಡಿ ಅದು. ಇವತ್ತಿನ ಕತೆ ಅದರದ್ದೇ.

ಮೂರು ಫಂಕ್ಷನ್, ಒಂದು ಕ್ಯೂ

1975ರ ಯುನಿಕ್ಸ್ ಆರನೇ ಆವೃತ್ತಿಯಿಂದ ಶುರು ಮಾಡೋಣ. ಆಗಿನ ಆರ್‌ಕೆ05 ಡಿಸ್ಕಿನಲ್ಲಿ 512 ಬೈಟಿನ 4872 ಬ್ಲಾಕ್‌ಗಳು. ಅಂದ್ರೆ ಎರಡೂವರೆ ಎಂಬಿ, ಇವತ್ತು ಫೋನಿನ ಒಂದು ಫೋಟೋ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಜಾನ್ ಲಯನ್ಸ್ ಈ ಆವೃತ್ತಿಯ ಸೋರ್ಸಿಗೆ ವ್ಯಾಖ್ಯಾನ ಬರೆದರು. ವರ್ಷಗಟ್ಟಲೆ ಅದು ಜೆರಾಕ್ಸ್ ಪ್ರತಿಗಳಲ್ಲೇ ಓಡಾಡಿತು, ಅಧಿಕೃತವಾಗಿ ಪುಸ್ತಕವಾಗಿ ಬಂದದ್ದು 1996ರಲ್ಲಿ. ಅದರಲ್ಲಿ ಆರ್‌ಕೆ ಡ್ರೈವರ್ ಎರಡು-ಮೂರು ಪುಟಕ್ಕೆ ಮುಗಿದುಹೋಗುತ್ತೆ.

ಕರ್ನಲ್ಲಿನಲ್ಲಿ ಒಂದು ಟೇಬಲ್ ಇರುತ್ತೆ, ಹೆಸರು ಬಿಡೆವ್‌ಸ್ವಿಚ್. ಒಂದೊಂದು ಬಗೆಯ ಬ್ಲಾಕ್ ಡಿವೈಸಿಗೆ ಒಂದೊಂದು ಸಾಲು. ಆ ಸಾಲಿನಲ್ಲಿ ಓಪನ್, ಕ್ಲೋಸ್, ಸ್ಟ್ರ್ಯಾಟಜಿ ಅಂತ ಮೂರು ಫಂಕ್ಷನ್‌ಗಳ ವಿಳಾಸ, ಜೊತೆಗೆ ಡಿವೈಸಿನ ಕ್ಯೂ ಎಲ್ಲಿದೆ ಅನ್ನೋ ಪಾಯಿಂಟರ್. ಮೇಜರ್ ನಂಬರ್ ಅಂತೀವಲ್ಲ, ಅದು ಈ ಟೇಬಲ್ಲಿನ ಸಾಲಿನ ನಂಬರ್, ಅಷ್ಟೇ.

ಇದರ ಜೀವ ಇರೋದು ಸ್ಟ್ರ್ಯಾಟಜಿಯಲ್ಲಿ. ನಮ್ಮೂರಿನ ದರ್ಶಿನಿ ಹೋಟೆಲ್ ನೆನಪಿಸಿಕೊಳ್ಳಿ. ಕ್ಯಾಶ್ ಕೌಂಟರಲ್ಲಿ ಟೋಕನ್ ತಗೊಂಡು ದೋಸೆ ಕೌಂಟರಲ್ಲಿ ಇಡ್ತೀವಿ, ಪಕ್ಕಕ್ಕೆ ನಿಲ್ತೀವಿ. ದೋಸೆ ಆದಮೇಲೆ ಅವನೇ ಕೂಗ್ತಾನೆ. ಕರ್ನಲ್ ಮಾಡೋದೂ ಇದನ್ನೇ. ಬಫ್ ಅನ್ನೋ ಚೀಟಿಯಲ್ಲಿ ಯಾವ ಬ್ಲಾಕ್, ಓದೋದಾ ಬರೆಯೋದಾ, ಮೆಮೊರಿಯಲ್ಲಿ ಎಲ್ಲಿಗೆ ಅಂತ ಬರೆದು ಸ್ಟ್ರ್ಯಾಟಜಿಯ ಕೈಗೆ ಕೊಡುತ್ತೆ. ಸ್ಟ್ರ್ಯಾಟಜಿ ಅದನ್ನ ಕ್ಯೂಗೆ ಸೇರಿಸಿ ತಕ್ಷಣ ವಾಪಸ್ ಬರುತ್ತೆ. ಡಿಸ್ಕ್ ಕೆಲಸ ಮುಗಿಸಿದಾಗ ಇಂಟರಪ್ಟ್ ಬರುತ್ತೆ. ಅದೇ ಆ ಕೂಗು.

ಸ್ಟ್ರ್ಯಾಟಜಿ ಅನ್ನೋ ಹೆಸರಿಗೂ ಕಾರಣ ಇದೆ. ಚೀಟಿಗಳನ್ನ ಯಾವ ಸಾಲಿನಲ್ಲಿ ಮಾಡಬೇಕು ಅನ್ನೋ ತೀರ್ಮಾನ ಡ್ರೈವರಿಗೆ ಬಿಟ್ಟಿದ್ದು. ದೋಸೆಯವನು ನಾಲ್ಕು ಮಸಾಲೆ ಟೋಕನ್ ಒಟ್ಟಿಗೆ ಹಾಕೋ ಹಾಗೆ, ಡಿಸ್ಕಿನ ಹೆಡ್ ಓಡಾಟ ಕಡಿಮೆಯಾಗೋ ಹಾಗೆ ಜೋಡಿಸಬಹುದು.

ಡಿಸ್ಕೇ ಇಲ್ಲದ ಡಿಸ್ಕ್

ಈ ಒಪ್ಪಂದದಲ್ಲಿ ಒಂದು ಕಿಂಡಿ ಇತ್ತು. ಚೀಟಿ ಇಸ್ಕೊಂಡವನ ಹತ್ತಿರ ನಿಜವಾಗ್ಲೂ ಡಿಸ್ಕ್ ಇದೆಯಾ ಅಂತ ಕರ್ನಲ್ ಕೇಳೋದೇ ಇಲ್ಲ.

ಅಮೆರಿಕದ ಟಾಲರಂಟ್ ಸಿಸ್ಟಮ್ಸ್ ಕಂಪನಿ 1989ರಲ್ಲಿ ವೆರಿಟಾಸ್ ಅಂತ ಹೆಸರು ಬದಲಿಸಿಕೊಂಡು ಸಾಫ್ಟ್‌ವೇರ್ ಕಡೆ ತಿರುಗಿತು. ಅದರ ವಾಲ್ಯೂಮ್ ಮ್ಯಾನೇಜರ್ ಬಳಸಿಕೊಂಡದ್ದು ಇದೇ ಕಿಂಡಿಯನ್ನ. ಅದೂ ಒಂದು ಬ್ಲಾಕ್ ಡ್ರೈವರೇ, ಆದರೆ ಅದಕ್ಕೆ ಸ್ವಂತ ಹಾರ್ಡ್‌ವೇರ್ ಇಲ್ಲ. ಮೇಲಿನಿಂದ ಒಂದು ಚೀಟಿ ಬಂದರೆ ಅದನ್ನ ಎರಡು ಪ್ರತಿ ಮಾಡಿ ಎರಡು ಡಿಸ್ಕಿನ ಡ್ರೈವರ್‌ಗಳಿಗೆ ಕಳಿಸುತ್ತೆ: ಮಿರರಿಂಗ್ ಆಯ್ತು. ತುಂಡು ಮಾಡಿ ನಾಲ್ಕು ಕಡೆ ಹಂಚಿದರೆ ಸ್ಟ್ರೈಪಿಂಗ್. ಒಂದೇ ಡಿಸ್ಕಿಗೆ ಎರಡು ಕೇಬಲ್ ಇದ್ದು ಒಂದು ಕೈಕೊಟ್ಟಾಗ ಇನ್ನೊಂದರಿಂದ ಕಳಿಸಿದರೆ ಮಲ್ಟಿಪಾತಿಂಗ್. ಮೇಲಿರೋ ಫೈಲ್ ಸಿಸ್ಟಮ್ಮಿಗೂ ಡೇಟಾಬೇಸಿಗೂ ಇದ್ಯಾವುದರ ಗೊಡವೆಯೂ ಇಲ್ಲ. ಅವರ ಪಾಲಿಗೆ ಅದು ಇನ್ನೊಂದು ಡಿಸ್ಕ್.

ಬ್ಯಾಂಕು, ಟೆಲಿಕಾಂ ಕಂಪನಿಗಳ ಸೋಲಾರಿಸ್ ಮತ್ತು ಎಚ್‌ಪಿ-ಯುಎಕ್ಸ್ ಸರ್ವರ್‌ಗಳಲ್ಲಿ ಇದು ಓಡ್ತಿತ್ತು. ಎಚ್‌ಪಿ-ಯುಎಕ್ಸಿನ ಜರ್ನಲ್ ಫೈಲ್ ಸಿಸ್ಟಮ್ ಕೂಡ ವೆರಿಟಾಸಿನದ್ದೇ. ಆ ಕಾಲದ ಯುನಿಕ್ಸ್‌ಗಳಲ್ಲಿ ಡ್ರೈವರ್ ಬರೆಯೋರಿಗೆ ಒಂದು ನೆಮ್ಮದಿ ಇತ್ತು. ಸಿಸ್ಟಮ್ ಫೈವ್ ರಿಲೀಸ್ ಫೋರ್ ಜೊತೆ ಡಿಡಿಐ-ಡಿಕೆಐ ಅಂತ ಡ್ರೈವರ್ ಇಂಟರ್‌ಫೇಸನ್ನ ಬರೆದಿಟ್ಟಿದ್ದರು. ಅದರೊಳಗೆ ಇರೋ ಫಂಕ್ಷನ್‌ಗಳನ್ನ ಮಾತ್ರ ಬಳಸಿದರೆ ಮುಂದಿನ ರಿಲೀಸಲ್ಲೂ ನಿಮ್ಮ ಡ್ರೈವರ್ ನಡೆಯುತ್ತೆ ಅನ್ನೋ ಭರವಸೆಯನ್ನ ಸನ್ ಕಂಪನಿ ಸೋಲಾರಿಸಿನಲ್ಲಿ ಉಳಿಸಿಕೊಂಡಿತು.

ಲಿನಕ್ಸ್ ಬಂತು, ಭರವಸೆ ಹೋಯ್ತು

ಲಿನಕ್ಸ್ ಇಂಥ ಭರವಸೆ ಕೊಡಲೇ ಇಲ್ಲ. ಯೂಸರ್ ಪ್ರೋಗ್ರಾಮುಗಳಿಗೆ ಕೊಟ್ಟ ಸಿಸ್ಟಮ್ ಕಾಲ್ ಮುರಿಯೋ ಹಾಗಿಲ್ಲ, ಆದರೆ ಕರ್ನಲ್ಲಿನ ಒಳಗಿನ ಇಂಟರ್‌ಫೇಸ್ ಯಾವಾಗ ಬೇಕಾದ್ರೂ ಬದಲಾಗಬಹುದು. ಗ್ರೆಗ್ ಕ್ರೋವಾ-ಹಾರ್ಟ್‌ಮನ್ ಬರೆದ ಒಂದು ಕಡತ ಕರ್ನಲ್ ಡಾಕ್ಯುಮೆಂಟೇಶನ್ನಿನಲ್ಲೇ ಇದೆ. ಅದರ ತಾತ್ಪರ್ಯ ಇಷ್ಟು: ನಿಮ್ಮ ಡ್ರೈವರನ್ನ ಮುಖ್ಯ ಸೋರ್ಸಿಗೆ ಸೇರಿಸಿ, ಆಮೇಲೆ ಇಂಟರ್‌ಫೇಸ್ ಬದಲಿಸಿದವರೇ ನಿಮ್ಮ ಕೋಡನ್ನೂ ಸರಿಮಾಡ್ತಾರೆ.

ಒಳಗಿದ್ದವರಿಗೆ ಇದು ವರ. ಹೊರಗಿದ್ದವರಿಗೆ, ಅಂದ್ರೆ ಮುಚ್ಚಿದ ಸೋರ್ಸಿನ ಕರ್ನಲ್ ಮಾಡ್ಯೂಲ್ ಮಾಡೋ ಕಂಪನಿಗಳಿಗೆ, ಮುಗಿಯದ ದುಡಿಮೆ. ವೆರಿಟಾಸ್ ತನ್ನ ಸರಕನ್ನ ಲಿನಕ್ಸಿಗೆ ತಂದದ್ದು 2000ರ ದಶಕದ ಆರಂಭದಲ್ಲಿ. ಆಮೇಲೆ ಏನೇನಾಯ್ತು ನೋಡಿ.

2.4 ಕರ್ನಲ್ಲಿನಲ್ಲಿ ಚೀಟಿಯ ಹೆಸರು ಬಫರ್ ಹೆಡ್. ದೊಡ್ಡ ಓದನ್ನ ಸಣ್ಣ ಸಣ್ಣ ಚೀಟಿಗಳಾಗಿ ಹರಿದು, ಕೆಳಗೆ ಕ್ಯೂನಲ್ಲಿ ಮತ್ತೆ ಅಂಟಿಸೋರು. ಎಲ್ಲ ಡಿಸ್ಕುಗಳಿಗೂ ಸೇರಿ ಒಂದೇ ಬೀಗ. 2.5ರಲ್ಲಿ ಯೆನ್ಸ್ ಆಕ್ಸ್‌ಬೋ ಇದನ್ನ ಕಿತ್ತುಹಾಕಿ ಬಯೋ ಅನ್ನೋ ಹೊಸ ಚೀಟಿ ತಂದರು, ಕ್ಯೂಗೊಂದು ಬೀಗ ಮಾಡಿದರು. 2003ರ ಡಿಸೆಂಬರಿನಲ್ಲಿ 2.6 ಆಗಿ ಅದು ಹೊರಬಂತು. 2.6.24ರಲ್ಲಿ ಬಯೋ ಮುಗಿದಾಗ ಕರೆಯೋ ಫಂಕ್ಷನ್ನಿನ ಆರ್ಗ್ಯುಮೆಂಟ್ ಬದಲಾಯ್ತು. 3.14ರಲ್ಲಿ ಸೆಕ್ಟರ್ ನಂಬರ್ ಇರೋ ಜಾಗ ಬದಲಾಯ್ತು. ಎರರ್ ತಿಳಿಸೋ ರೀತಿ 4.3ರಲ್ಲೊಮ್ಮೆ, 4.13ರಲ್ಲೊಮ್ಮೆ. ವಾಲ್ಯೂಮ್ ಮ್ಯಾನೇಜರ್‌ನಂಥ ಡ್ರೈವರ್‌ಗಳು ಚೀಟಿ ಇಸ್ಕೊಳ್ಳೋ ಬಾಗಿಲೇ 5.9ರಲ್ಲಿ ಬೇರೆ ಕಡೆಗೆ ಹೋಯ್ತು. ಪ್ರತಿ ಸಲವೂ ಹೊರಗಿನ ಮಾಡ್ಯೂಲ್ ಕಂಪೈಲ್ ಆಗಲ್ಲ, ಅಥವಾ ಕಂಪೈಲ್ ಆಗಿ ತಪ್ಪು ಮಾಡುತ್ತೆ. ಎರಡನೆಯದೇ ಭಯ, ಯಾಕಂದ್ರೆ ಇಲ್ಲಿ ತಪ್ಪಾದರೆ ಹಾಳಾಗೋದು ಯಾರದೋ ಡೇಟಾ.

ನಡುವೆ ಡಿಸ್ಕಿನ ಜಾತಿಯೇ ಬದಲಾಯ್ತು. 7200 ಆರ್‌ಪಿಎಂ ಡಿಸ್ಕಿನಲ್ಲಿ ಅರ್ಧ ಸುತ್ತಿಗೇ ನಾಲ್ಕು ಮಿಲಿಸೆಕೆಂಡ್ ಬೇಕು, ಅಷ್ಟು ಹೊತ್ತಲ್ಲಿ ಕರ್ನಲ್ ಚೀಟಿಗಳನ್ನ ಆರಾಮಾಗಿ ಜೋಡಿಸಬಹುದಿತ್ತು. ಎಸ್‌ಎಸ್‌ಡಿ ಬಂದಮೇಲೆ ದೋಸೆಯವನಿಗಿಂತ ಟೋಕನ್ ಕೌಂಟರೇ ನಿಧಾನ ಆಯ್ತು. ಹಳೆಯ ಎಎಚ್‌ಸಿಐ ಇಂಟರ್‌ಫೇಸಿನಲ್ಲಿ ಪೋರ್ಟಿಗೆ 32 ಕಮಾಂಡಿನ ಒಂದೇ ಕ್ಯೂ. 2011ರ ಎನ್‌ವಿಎಂಇ ಸುಮಾರು 64 ಸಾವಿರ ಕ್ಯೂಗಳವರೆಗೆ ಅವಕಾಶ ಕೊಟ್ಟಿತು. ಲಿನಕ್ಸ್ 3.13ರಲ್ಲಿ ಬ್ಲಾಕ್-ಎಂಕ್ಯೂ ಬಂತು, ಒಂದೊಂದು ಸಿಪಿಯುಗೂ ಅದರದೇ ಕ್ಯೂ. 2019ರ 5.0ರಲ್ಲಿ ಹಳೆಯ ಒಂಟಿ ಕ್ಯೂ ಪೂರ್ತಿ ತೆಗೆದುಹಾಕಿದರು. ಅದೇ ವರ್ಷದ ಐಒ-ಯೂರಿಂಗ್ ಈ ಚೀಟಿ ಕೊಟ್ಟು ಕಾಯೋ ರೀತಿಯನ್ನ ಯೂಸರ್ ಪ್ರೋಗ್ರಾಮಿಗೂ ಕೊಟ್ಟಿತು. ಹೆಸರುಗಳೆಲ್ಲ ಹೋದವು, 1975ರ ಒಪ್ಪಂದ ಉಳಿಯಿತು.

ಯಾರ ಹೆಸರು ಉಳಿಯುತ್ತೆ?

ನನಗೆ ಈ ಇತಿಹಾಸದಲ್ಲಿ ಕಾಡೋದು ತಂತ್ರಜ್ಞಾನಕ್ಕಿಂತ ಹೆಚ್ಚಾಗಿ ಇದು. 2.6 ಕರ್ನಲ್ ಸೋರ್ಸ್ ಇಳಿಸಿಕೊಂಡು ಡಾಕ್ಯುಮೆಂಟೇಶನ್ ಫೋಲ್ಡರಿನಲ್ಲಿ ಬಯೋಡಾಕ್ ಅನ್ನೋ ಕಡತ ತೆಗೆಯಿರಿ. ಬಯೋ ಯಾಕೆ ಬಂತು, ಹೇಗೆ ಬಳಸಬೇಕು ಅಂತ ವಿವರಿಸೋ ಕಡತ, 2002ರ ಜನವರಿಯದ್ದು. ತಲೆಯಲ್ಲಿ ಎರಡು ಹೆಸರು. ಒಂದು ಆಕ್ಸ್‌ಬೋ. ಇನ್ನೊಂದು ಸುಪರ್ಣಾ ಭಟ್ಟಾಚಾರ್ಯ, ಆಗ ಬೆಂಗಳೂರಿನ ಐಬಿಎಂನಲ್ಲಿದ್ದವರು. ಲಿನಕ್ಸಿನ ಅಸಿಂಕ್ರನಸ್ ಐಒ ಬಗ್ಗೆ 2003ರ ಒಟ್ಟಾವಾ ಲಿನಕ್ಸ್ ಸಿಂಪೋಸಿಯಮ್ಮಿನ ಪ್ರಬಂಧದಲ್ಲೂ ಅವರ ಹೆಸರಿದೆ. ಇಪ್ಪತ್ತು ವರ್ಷ ಕಳೆದರೂ ಯಾರು ಬೇಕಾದರೂ ನೋಡಬಹುದು.

ಅದೇ ಹೊತ್ತಿಗೆ ಪುಣೆಯಲ್ಲಿ ಬಯೋದ ಪ್ರತಿ ಬದಲಾವಣೆಗೂ ಮಾಡ್ಯೂಲನ್ನ ಹೊಂದಿಸಿ, ರಾತ್ರಿಯೆಲ್ಲ ಟೆಸ್ಟ್ ಓಡಿಸಿ, ಬ್ಯಾಂಕುಗಳ ಡೇಟಾ ಕಾಪಾಡಿದವರ ಹೆಸರು ಹೊರಗೆ ಎಲ್ಲೂ ಇಲ್ಲ. ಅವರಲ್ಲಿ ಬೆಳಗಾವಿ, ವಿಜಯಪುರ, ಹುಬ್ಬಳ್ಳಿ ಕಡೆಯ ನಮ್ಮವರೂ ಇದ್ದಾರೆ. ಕಂಪನಿಯ ಬೋರ್ಡೇ ಎಷ್ಟು ಸಲ ಬದಲಾಯ್ತು: 2005ರಲ್ಲಿ ಸಿಮ್ಯಾಂಟೆಕ್ ಜೊತೆ ವಿಲೀನ, 2016ರಲ್ಲಿ ಮತ್ತೆ ವೆರಿಟಾಸ್, 2024ರ ಕೊನೆಗೆ ಬ್ಯಾಕಪ್ ವ್ಯವಹಾರ ಕೊಹೆಸಿಟಿಗೆ, ವಾಲ್ಯೂಮ್ ಮ್ಯಾನೇಜರ್ ಇರೋ ಭಾಗ ಆರ್ಕ್‌ಟೆರಾ ಅನ್ನೋ ಹೊಸ ಹೆಸರಿಗೆ.

ಮುಚ್ಚಿದ ಸೋರ್ಸಿನ ಕೆಲಸ ಕೀಳು ಅಂತ ಹೇಳ್ತಿಲ್ಲ. ಸಂಬಳ ಅದರಿಂದ ಬಂತು, ವಿದ್ಯೆಯೂ ಅಲ್ಲೇ ಸಿಕ್ಕಿತು. ಆದರೆ ಆ ವಿದ್ಯೆಯ ಗುರುತು ಕಂಪನಿಯ ರೆಪೊಸಿಟರಿಯೊಳಗೇ ಉಳಿದುಬಿಡುತ್ತೆ. ಹದಿನೈದು ವರ್ಷ ಬ್ಲಾಕ್ ಲೇಯರ್ ಮೇಲೆ ದುಡಿದವರು ಕೆಲಸ ಬದಲಿಸುವಾಗ ತಮ್ಮ ಕೈಬರಹ ತೋರಿಸೋಕೆ ಏನೂ ಇರಲ್ಲ.

ಹಾಗಾಗಿ ಈ ಕ್ಷೇತ್ರದಲ್ಲಿ ಇರೋ ತಮ್ಮಂದಿರಿಗೆ, ತಂಗಿಯರಿಗೆ ಒಂದೇ ಮಾತು. ಆಫೀಸಿನ ಕೆಲಸ ಮಾಡಿ, ಜೊತೆಗೆ ಕಂಪನಿಯ ನಿಯಮ ನೋಡಿಕೊಂಡು ವರ್ಷಕ್ಕೆ ಒಂದಾದ್ರೂ ಪ್ಯಾಚ್ ಮುಖ್ಯ ಕರ್ನಲ್ಲಿಗೆ ಕಳಿಸಿ. ಡಾಕ್ಯುಮೆಂಟೇಶನ್ ತಿದ್ದುಪಡಿ ಆದರೂ ಸರಿ. ಬಯೋಡಾಕ್ ಕೂಡ ಡಾಕ್ಯುಮೆಂಟೇಶನ್ನೇ ತಾನೆ?

ಮುಂದಿನ ವಾರ ಬಫ್‌ನಿಂದ ಬಯೋವರೆಗಿನ ಸ್ಟ್ರಕ್ಟ್‌ಗಳನ್ನ ಪಕ್ಕಪಕ್ಕ ಇಟ್ಟು ಸೋರ್ಸ್ ಓದೋಣ. ಈ ಕೆಲಸ ಮಾಡಿದ ಹಿರಿಯರು ಯಾರಾದರೂ ಓದ್ತಿದ್ದರೆ ದಯವಿಟ್ಟು ನಿಮ್ಮ ಅನುಭವ ಬರೀರಿ, ಕನ್ನಡದಲ್ಲೇ ಬರೀರಿ.