ಒಂದು ಬೀಗಕ್ಕೆ ಎರಡು ಕೀಲಿಕೈ

ಒಳಗಿನ ಕೆಲಸ ಕಾಣಲೆಂದು ಈ ಬೀಗವನ್ನು ಸೀಳಿ ಇಟ್ಟಿದೆ. ನಡುವೆ ಇರುವುದು ತಿರುಗುವ ಹಿತ್ತಾಳೆ ಉರುಳೆ. ಅದರ ಮೇಲೆ ಸಾಲಾಗಿ ಐದು ತೂತು. ಒಂದೊಂದರಲ್ಲೂ ಜೋಡಿ ಪಿನ್ನು, ಮೇಲಿನಿಂದ ಒತ್ತುವ ಸ್ಪ್ರಿಂಗು. ಮೇಲಿನ ಪಿನ್ನುಗಳು ಉರುಳೆಗೂ ಹೊರಕವಚಕ್ಕೂ ನಡುವೆ ಅಡ್ಡ ಕೂತಿರುವವರೆಗೆ ಬೀಗ ಅಲುಗದು. ಸರಿಯಾದ ಕೀಲಿಕೈ ಹೊಕ್ಕಾಗ ಅದರ ಹಲ್ಲುಗಳು ಪ್ರತಿ ಜೋಡಿಯನ್ನೂ ತಕ್ಕಷ್ಟೇ ಎತ್ತುತ್ತವೆ. ಪಿನ್ನುಗಳ ನಡುವಿನ ಸಂದು ಉರುಳೆಯ ಅಂಚಿಗೆ ಬಂದು ನಿಲ್ಲುತ್ತದೆ, ಉರುಳೆ ತಿರುಗುತ್ತದೆ. 1860ರ ದಶಕದಲ್ಲಿ ಇದನ್ನು ಇಂದಿನ ರೂಪಕ್ಕೆ ತಂದವರು ಅಮೆರಿಕದ ಲೈನಸ್ ಯೇಲ್ ಜೂನಿಯರ್.

ಹಾಸ್ಟೆಲಿನ ಪ್ರತಿ ಕೋಣೆಗೂ ಬೇರೆ ಕೀಲಿಕೈ. ವಾರ್ಡನ್ ಕೈಯಲ್ಲಿರುವ ಒಂದೇ ಮಾಸ್ಟರ್ ಕೀ ಎಲ್ಲವನ್ನೂ ತೆರೆಯುತ್ತದೆ. ಹೇಗೆ? ಕೆಂಪು ಬಣ್ಣ ಬಳಿದಿರುವ ತೆಳು ಬಿಲ್ಲೆಗಳನ್ನು ನೋಡಿ. ಎರಡು ಪಿನ್ನುಗಳ ನಡುವೆ ಬಿಲ್ಲೆಯೊಂದು ಸೇರಿದರೆ ಒಂದು ಸಂದು ಎರಡಾಗುತ್ತದೆ: ಒಂದು ಕೋಣೆಯವರ ಕೀಲಿಕೈಗೆ, ಇನ್ನೊಂದು ಮಾಸ್ಟರ್ ಕೀಗೆ. ಇಷ್ಟು ಸಣ್ಣ ಲೋಹದ ಚೂರು ಇಡೀ ಕಟ್ಟಡದ ಬಾಗಿಲುಗಳನ್ನು ಒಂದೇ ಕೈಗೆ ಒಪ್ಪಿಸುವುದು ನಿಜಕ್ಕೂ ಸೊಗಸಾದ ಯೋಚನೆ.

ಆದರೆ ಬಿಲ್ಲೆ ಬೀಗದ ಬಲವನ್ನೂ ತಗ್ಗಿಸುತ್ತದೆ. ಐದೂ ತೂತುಗಳಲ್ಲಿ ಬಿಲ್ಲೆ ಇದ್ದರೆ, ಲೆಕ್ಕದ ಪ್ರಕಾರ ಎರಡಲ್ಲ, 32 ಬಗೆಯ ಕೀಲಿಕೈಗಳಿಗೆ ಆ ಬೀಗ ಮಣಿಯುತ್ತದೆ. ಒಂದೇ ಕೋಣೆಯ ಬೀಗ ಮತ್ತು ಕೀಲಿಕೈ ಹಿಡಿದು ಮಾಸ್ಟರ್ ಕೀಯ ಹಲ್ಲುಗಳನ್ನು ಪತ್ತೆಹಚ್ಚಬಹುದೆಂದು ಕಂಪ್ಯೂಟರ್ ವಿಜ್ಞಾನಿ ಮ್ಯಾಟ್ ಬ್ಲೇಜ್ 2003ರಲ್ಲಿ ಪ್ರಕಟಿಸಿದರು.