ಆರು ಸ್ಟೇಷನ್, ಒಂದೊಂದಕ್ಕೆ 60,000 ಪೌಂಡ್

ನಾನಿರುವ ಚೆನ್ನೈನಲ್ಲಿ ಹೈಕೋರ್ಟ್ ಕಾಂಪೌಂಡಿಗೆ ಒಂದು ಫಲಕ ಇದೆ. 1914ರ ಸೆಪ್ಟೆಂಬರ್ 22ರ ರಾತ್ರಿ ಜರ್ಮನಿಯ ಎಂಡೆನ್ ಹಡಗು ಊರಿನ ಮೇಲೆ ಶೆಲ್ ಹಾರಿಸಿದ್ದರ ನೆನಪಿಗೆ. ಅದನ್ನ ನೋಡಿದಾಗೆಲ್ಲ ನನಗೆ ಒಂದು ಎಸ್ಟಿಮೇಟ್ ನೆನಪಾಗುತ್ತೆ.

ಯುದ್ಧ ಬಂದ್ರೆ ಶತ್ರು ಸಮುದ್ರದಡಿಯ ಕೇಬಲ್ ಕತ್ತರಿಸಬಹುದು ಅನ್ನೋ ಭಯ ಬ್ರಿಟಿಷರಿಗಿತ್ತು. ಹಾಗಾಗಿ 1911ರಲ್ಲಿ ವೈರ್‌ಲೆಸ್ ಸರಪಳಿಗೆ ಒಪ್ಪಿದ್ರು. ಇಂಗ್ಲೆಂಡ್, ಈಜಿಪ್ಟ್, ಪೂರ್ವ ಆಫ್ರಿಕಾ, ದಕ್ಷಿಣ ಆಫ್ರಿಕಾ, ಭಾರತ, ಸಿಂಗಾಪುರ: ಒಟ್ಟು ಆರು ಸ್ಟೇಷನ್. ಮಾರ್ಕೋನಿ ಕಂಪನಿಯ ದರ ಒಂದೊಂದಕ್ಕೆ 60,000 ಪೌಂಡ್, ಜೊತೆಗೆ ಒಟ್ಟು ವರಮಾನದಲ್ಲಿ ಶೇಕಡಾ 10. ಅಷ್ಟರಲ್ಲಿ ಮಂತ್ರಿಗಳ ಷೇರು ಹಗರಣ ಎದ್ದಿತು. ಸಂಸತ್ತಿನ ಒಪ್ಪಿಗೆ ಸಿಗೋದಕ್ಕೆ 1913 ಆಯ್ತು. ಮರುವರ್ಷ ಯುದ್ಧ ಬಂತು, ಒಪ್ಪಂದ ರದ್ದಾಯ್ತು.

ಭಯಪಟ್ಟಂತೆಯೇ ಆ ನವೆಂಬರ್‌ನಲ್ಲಿ ಎಂಡೆನ್‌ನವರು ಕೊಕೋಸ್ ದ್ವೀಪದಲ್ಲಿ ಕೇಬಲ್ ಕತ್ತರಿಸಿದರು. ಆದ್ರೆ ಅಲ್ಲಿನ ವೈರ್‌ಲೆಸ್ ಕರೆ ಕೇಳಿ ಬಂದ ಆಸ್ಟ್ರೇಲಿಯಾದ ಸಿಡ್ನಿ ಹಡಗು ಎಂಡೆನ್ ಕಥೆ ಮುಗಿಸಿತು.

ಹಾಗಾದ್ರೆ ತಡವಾಗಿದ್ದು ಬರೀ ನಷ್ಟವೇ? ಅಲ್ಲ. 1924ರ ಹೊತ್ತಿಗೆ ಶಾರ್ಟ್‌ವೇವ್ ಬೀಮ್ ಬಂತು. ಕಡಿಮೆ ವಿದ್ಯುತ್, ಕಡಿಮೆ ಖರ್ಚು. 1927ರಲ್ಲಿ ಪುಣೆ ಕಡೆಯ ಖಡ್ಕಿ, ದೌಂಡ್ ಕೇಂದ್ರಗಳಿಂದ ಇಂಗ್ಲೆಂಡಿಗೆ ನೇರ ಸಂಪರ್ಕ ಶುರುವಾಯ್ತು.

ಆಫೀಸಿನಲ್ಲಿ ಎಸ್ಟಿಮೇಟ್ ಬರೆಯುವಾಗ ನಾನೀಗ ಕೊನೆಗೆ ಒಂದು ಸಾಲು ಸೇರಿಸ್ತೀನಿ: ಈ ಲೆಕ್ಕ ಎಲ್ಲಿಯವರೆಗೆ ನಿಲ್ಲುತ್ತೆ?