ಆನೆಮಲೆಯ ತಿರುವುಗಳಲ್ಲಿ ಅಮೆರಿಕದ ಮೋಟಾರು

ತಮಿಳಿನಲ್ಲಿ ಆನೈಮಲೈ ಎಂದು ಹೆಸರಾದ ಬೆಟ್ಟಸಾಲು ಈ ಸೀಮೆಯ ಕನ್ನಡಿಗರ ಬಾಯಲ್ಲಿ ಆನೆಮಲೆಯೇ. ಕೊಯಮತ್ತೂರು, ಪೊಳ್ಳಾಚಿ, ಉಡುಮಲೈಪೇಟೆಗಳ ಸುತ್ತ ತಲೆಮಾರುಗಳಿಂದ ನೆಲೆಸಿರುವ ದೇವಾಂಗರೂ ಒಕ್ಕಲಿಗರೂ ಹೊರಗೆ ತಮಿಳನ್ನಾಡುತ್ತ ಮನೆಯೊಳಗೆ ಕನ್ನಡವನ್ನು ಉಳಿಸಿಕೊಂಡವರು. ಅವರ ಚರಿತ್ರೆಯನ್ನು ಬರೆಯುವಾಗ ನಾವು ಮಗ್ಗವನ್ನು, ಹೊಲವನ್ನು, ಕುಲದೈವದ ಗುಡಿಯನ್ನು ನೆನೆಯುತ್ತೇವೆ. ಮೋಟಾರನ್ನು ನೆನೆಯುವುದು ಕಡಮೆ. ಆದರೆ ಕಳೆದ ಶತಮಾನದಲ್ಲಿ ಈ ಸೀಮೆಯ ದೂರಗಳನ್ನು ಕುಗ್ಗಿಸಿದ್ದು ಅದೇ. ಇಲ್ಲಿನ ಹಳ್ಳಿಗಳ ಹಿರಿಯರು ಕಾರನ್ನು ‘ಪ್ಲೆಷರ್’ ಎನ್ನುತ್ತಿದ್ದರು. ಬಾಡಿಗೆಯ ಬಸ್ಸು ಲಾರಿಗಳಿಂದ ಬೇರ್ಪಡಿಸಿ, ಸ್ವಂತ ಸುಖಕ್ಕೆ ಇಟ್ಟುಕೊಂಡ ವಾಹನವನ್ನು ಇಂಗ್ಲಿಷಿನಲ್ಲಿ ‘ಪ್ಲೆಷರ್ ಕಾರ್’ ಎಂದು ಕರೆಯುತ್ತಿದ್ದುದರಿಂದ ಬಂದ ಮಾತದು. ಆ ಸುಖ ಕೆಲವರದಾಗಿತ್ತು. ಆ ಕಾರನ್ನು ಬದುಕಿಸಿಟ್ಟ ಶ್ರಮ ಹಲವರದಾಗಿತ್ತು. ಅಮೆರಿಕದ ಕಾರುಗಳ ಬಗೆಗಿನ ನಮ್ಮ ಮಮತೆಯ ಚರಿತ್ರೆಯನ್ನು ಈ ಎರಡನ್ನೂ ಕೂಡಿಸಿ ಓದಬೇಕು.

ಆ ಚರಿತ್ರೆ ಫೋರ್ಡ್ ಕಂಪನಿಯ ‘ಮಾಡೆಲ್ ಟಿ’ಯಿಂದ ತೊಡಗುತ್ತದೆ. 1908ರಲ್ಲಿ ಹೊರಬಂದ ಈ ಕಾರು 1927ರಲ್ಲಿ ನಿಲ್ಲುವ ಹೊತ್ತಿಗೆ ಒಂದೂವರೆ ಕೋಟಿ ಸಂಖ್ಯೆಯನ್ನು ಮುಟ್ಟಿತ್ತು. ಆರಂಭದಲ್ಲಿ ಎಂಟುನೂರು ಡಾಲರಿಗೂ ಮಿಗಿಲಾಗಿದ್ದ ಬೆಲೆ, 1913ರಲ್ಲಿ ಚಲಿಸುವ ಜೋಡಣಾ ಸಾಲು ಬಂದ ಮೇಲೆ ಇಳಿಯುತ್ತ ಹೋಗಿ, 1920ರ ದಶಕದ ನಡುವೆ ಮುನ್ನೂರು ಡಾಲರಿಗಿಂತ ಕೆಳಗಿಳಿಯಿತು. ಬ್ರಿಟಿಷ್ ಸಾಮ್ರಾಜ್ಯದ ಮಾರುಕಟ್ಟೆ ಫೋರ್ಡಿನ ಕೆನಡಾ ಶಾಖೆಯ ಪಾಲಿಗಿದ್ದುದರಿಂದ ನಮ್ಮಲ್ಲಿಗೆ ಬಂದ ಫೋರ್ಡುಗಳು ಕೆನಡಾದ ಹಾದಿಯಾಗಿ ಬಂದವು. ಇಂಗ್ಲೆಂಡಿನ ಕಾರುಗಳು ಸಪಾಟಾದ, ಚೊಕ್ಕಟವಾದ ರಸ್ತೆಗಳಿಗೆ ಹೊಂದಿಕೊಂಡಿದ್ದವು. ಅಮೆರಿಕದ ಕಾರು ಹೊಲಗಳ ನಡುವಿನ ಮಣ್ಣುದಾರಿಯಲ್ಲಿ ಬೆಳೆದದ್ದು. ನೆಲದಿಂದ ಎತ್ತರವಾದ ಮೈ, ಮೆತ್ತಗಿನ ಪಟ್ಟಿ ಸ್ಪ್ರಿಂಗು, ನಿಧಾನವಾಗಿ ತಿರುಗಿದರೂ ಬಲವಾಗಿ ಎಳೆಯುವ ಎಂಜಿನು, ಕಮ್ಮಾರನೂ ಅರ್ಥಮಾಡಿಕೊಳ್ಳಬಲ್ಲ ಸರಳ ಯಂತ್ರಭಾಗಗಳು: ಎತ್ತಿನ ಗಾಡಿಯ ಜಾಡೇ ರಸ್ತೆಯಾಗಿದ್ದ ನಮ್ಮ ನಾಡಿಗೆ ಈ ಗುಣಗಳು ಒಪ್ಪಿದವು. 1928ರಲ್ಲಿ ಜನರಲ್ ಮೋಟಾರ್ಸ್ ಮುಂಬಯಿಯಲ್ಲಿ ಜೋಡಣಾ ಕಾರ್ಖಾನೆಯನ್ನು ತೆರೆದ ಮೇಲೆ ಷೆವರ್ಲೆ ಎಂಬ ಹೆಸರು ದಕ್ಷಿಣದ ಪೇಟೆಗಳಲ್ಲಿ ಮನೆಮಾತಾಯಿತು.

ಆನೆಮಲೆಯ ತಪ್ಪಲಿನಲ್ಲಿ ಮೋಟಾರಿನ ಯುಗವನ್ನು ತೆರೆದವರಲ್ಲಿ ಮೊದಲು ನೆನೆಯಬೇಕಾದವರು ಜಿ. ಡಿ. ನಾಯ್ಡು. 1893ರಲ್ಲಿ ಕೊಯಮತ್ತೂರಿನ ಬಳಿಯ ಕಲಂಗಲ್ ಗ್ರಾಮದಲ್ಲಿ ಹುಟ್ಟಿದ ಇವರು ಶಾಲೆಯ ವಿದ್ಯೆಯನ್ನು ಅರ್ಧದಲ್ಲೇ ಬಿಟ್ಟು, ಹೋಟೆಲಿನಲ್ಲಿ ದುಡಿದು, ಹಣ ಕೂಡಿಸಿ ಒಂದು ಮೋಟಾರ್ ಸೈಕಲ್ಲನ್ನು ಕೊಂಡರು. ಅದನ್ನು ಬಿಚ್ಚಿ ಜೋಡಿಸಿ ಯಂತ್ರವಿದ್ಯೆಯನ್ನು ತಾವೇ ಕಲಿತರು. 1920ರಲ್ಲಿ ಸರ್ ರಾಬರ್ಟ್ ಸ್ಟೇನ್ಸ್ ಅವರ ನೆರವಿನಿಂದ ಒಂದು ಬಸ್ಸನ್ನು ಪಡೆದು, ಪೊಳ್ಳಾಚಿಯಿಂದ ಪಳನಿಗೆ ತಾವೇ ಚಾಲಕರಾಗಿ ಓಡಿಸಿದರು. ಆ ಒಂದು ಬಸ್ಸು ಮುಂದೆ ದೊಡ್ಡ ಸಂಸ್ಥೆಯಾಯಿತು. 1931ರಲ್ಲಿ ಪಿ. ನಾಚಿಮುತ್ತು ಗೌಂಡರ್ ಪೊಳ್ಳಾಚಿಯಲ್ಲಿ ಆನೆಮಲೆಯ ಹೆಸರನ್ನೇ ಇಟ್ಟು ಮತ್ತೊಂದು ಬಸ್ ಸಂಸ್ಥೆಯನ್ನು ಕಟ್ಟಿದರು. ಆ ಕಾಲದಲ್ಲಿ ದಕ್ಷಿಣದ ಬಹುತೇಕ ಬಸ್ಸುಗಳ ತಳಗಟ್ಟು ಷೆವರ್ಲೆ, ಫೋರ್ಡ್, ಡಾಡ್ಜ್‌ಗಳದು. ಮೇಲಿನ ಮರದ ಮೈ ನಮ್ಮ ಬಡಗಿಗಳದು. ಅಮೆರಿಕದ ಯಂತ್ರ ನಮ್ಮ ನೆಲದಲ್ಲಿ ಮೊದಲ ದಿನದಿಂದಲೇ ನಮ್ಮವರ ಕೈಕೆಲಸದೊಡನೆ ಬೆರೆತಿತ್ತು.

ಪೊಳ್ಳಾಚಿಯಿಂದ ವಾಲ್ಪಾರೈಗೆ ಸುಮಾರು 64 ಕಿಲೋಮೀಟರು. ಆಳಿಯಾರನ್ನು ದಾಟಿದ ಮೇಲೆ ರಸ್ತೆ 40 ಹೇರ್‌ಪಿನ್ ತಿರುವುಗಳಲ್ಲಿ ಮೇಲೇರಿ, ಸುಮಾರು 3500 ಅಡಿ ಎತ್ತರದ ಚಹಾ ತೋಟಗಳನ್ನು ಮುಟ್ಟುತ್ತದೆ. ಇಂಥ ಘಾಟಿಯಲ್ಲಿ ಹಳೆಯ ಕಾರನ್ನು ನಡೆಸುವುದು ಒಂದು ವಿದ್ಯೆಯೇ ಆಗಿತ್ತು. ಮಾಡೆಲ್ ಟಿಯಲ್ಲಿ ಪೆಟ್ರೋಲು ಪಂಪಿನಿಂದ ಬರುತ್ತಿರಲಿಲ್ಲ, ಟ್ಯಾಂಕಿನಿಂದ ತಾನಾಗಿ ಇಳಿಯುತ್ತಿತ್ತು. ಟ್ಯಾಂಕಿನಲ್ಲಿ ಪೆಟ್ರೋಲು ಕಡಮೆಯಿದ್ದು ಏರು ಕಡಿದಾಗಿದ್ದರೆ ಎಂಜಿನಿಗೆ ಅದು ತಲುಪದೆ ಗಾಡಿ ನಿಂತುಬಿಡುತ್ತಿತ್ತು. ಆಗ ಚಾಲಕ ಕಾರನ್ನು ತಿರುಗಿಸಿ, ಹಿಮ್ಮುಖವಾಗಿ ಬೆಟ್ಟ ಹತ್ತಿಸುತ್ತಿದ್ದ. ಹಿಂದಿನ ಗೇರಿಗೆ ಎಳೆತವೂ ಹೆಚ್ಚು. ವೇಗವನ್ನು ಕಾಲಿನಿಂದಲ್ಲ, ಸ್ಟಿಯರಿಂಗಿನ ಕೆಳಗಿನ ಕೈಸನ್ನೆಯಿಂದ ಹತೋಟಿಯಲ್ಲಿಡಬೇಕಾಗಿತ್ತು. ಮುಂದಿನ ಕಾಲದ ಕಾರುಗಳಲ್ಲಿ ಈ ತೊಡಕುಗಳು ತಪ್ಪಿದರೂ ರೇಡಿಯೇಟರು ಕುದಿಯುವುದು ತಪ್ಪಲಿಲ್ಲ. ತಿರುವಿನಲ್ಲಿ ನಿಂತಾಗ ಹಿಂದಿನ ಗಾಲಿಗೆ ಕಲ್ಲೋ ಮರದ ತುಂಡೋ ಕೊಡಲು ಒಬ್ಬ ಹುಡುಗ, ತೊರೆಯ ನೀರಿಗೆ ಒಂದು ಡಬ್ಬಿ, ಇಳಿಯುವಾಗ ಬ್ರೇಕು ಕಾದು ಸೋಲದಂತೆ ಹತ್ತಿದ ಗೇರಿನಲ್ಲೇ ಇಳಿಯಬೇಕೆಂಬ ನಿಯಮ: ಇವು ಘಾಟಿಯ ಚಾಲಕರ ಪಂಚಾಂಗವಾಗಿದ್ದವು. ಯುದ್ಧಕಾಲದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ, ಬೆನ್ನಿಗೆ ಇದ್ದಿಲ ಒಲೆಯನ್ನು ಕಟ್ಟಿಕೊಂಡು ಅದರ ಅನಿಲದಿಂದ ಓಡಿದ ಬಸ್ಸು ಕಾರುಗಳು ಮೈಸೂರು ಸಂಸ್ಥಾನದಲ್ಲೂ ಮದರಾಸು ಪ್ರಾಂತದಲ್ಲೂ ಸಾಮಾನ್ಯ ನೋಟವಾದವು.

ಕಾರನ್ನು ಕೊಳ್ಳುವುದರಲ್ಲಿ ತೃಪ್ತಿಪಡದೆ ಅದನ್ನು ಇಲ್ಲಿಯೇ ತಯಾರಿಸಬೇಕೆಂದು ಪಣತೊಟ್ಟ ಕನ್ನಡಿಗರೊಬ್ಬರನ್ನು ಇಲ್ಲಿ ಸ್ಮರಿಸದೆ ಮುಂದುವರಿಯಲಾಗದು. ದಿವಾನಗಿರಿಯಿಂದ ನಿವೃತ್ತರಾಗಿ ಹದಿನೇಳು ವರ್ಷಗಳಾದ ಮೇಲೆ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯೂರೋಪು ಅಮೆರಿಕಗಳನ್ನು ಸುತ್ತಿ ಮೋಟಾರು ಕಾರ್ಖಾನೆಗಳನ್ನು ಅಭ್ಯಸಿಸಿದರು. ಡೆಟ್ರಾಯಿಟ್ ನಗರವನ್ನೂ ಕಂಡರು. ಮರಳಿ ಬಂದು ಭಾರತದಲ್ಲಿ ಕಾರು ತಯಾರಿಕೆಯ ಯೋಜನೆಯನ್ನು ಸಿದ್ಧಪಡಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರ ಜೊತೆಗೂಡಿದರು. ಅಮೆರಿಕದ ಕ್ರೈಸ್ಲರ್ ಕಂಪನಿಯೊಡನೆ ಒಪ್ಪಂದದ ಮಾತೂ ನಡೆಯಿತು. ಕಾರ್ಖಾನೆ ಮೈಸೂರು ಸಂಸ್ಥಾನದಲ್ಲಿ ನೆಲೆಗೊಳ್ಳಬೇಕೆಂಬ ಯತ್ನವೂ ಸಾಗಿತ್ತು. ಬ್ರಿಟಿಷ್ ಸರ್ಕಾರ ಇದಕ್ಕೆ ಬೆಂಬಲ ಕೊಡಲಿಲ್ಲ. ಅದೇ ವಾಲ್‌ಚಂದರ ಸಾಹಸ ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನ ವಿಮಾನ ಕಾರ್ಖಾನೆಯಾಗಿ ಫಲಿಸಿತು. ಕಾರಿನ ಕನಸು 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಎಂಬ ಹೆಸರಿನಲ್ಲಿ ಮುಂಬಯಿಯ ಪಾಲಾಯಿತು. ಬೆಂಗಳೂರಿಗೆ ವಿಮಾನ ಬಂದಿತು, ಕಾರು ತಪ್ಪಿತು. ಅನ್ಯರ ಯಂತ್ರವನ್ನು ಎಷ್ಟು ಅಕ್ಕರೆಯಿಂದ ಸಾಕಿದರೂ ಅದರ ಜೀವಾಳ ಅನ್ಯರ ಕೈಯಲ್ಲೇ ಇರುತ್ತದೆಂಬುದು ವಿಶ್ವೇಶ್ವರಯ್ಯನವರ ಯತ್ನದ ಹಿಂದಿದ್ದ ಅರಿವು. ಅದರ ಸತ್ಯ ಹತ್ತು ವರ್ಷಗಳಲ್ಲೇ ಎಲ್ಲರಿಗೂ ಮನವರಿಕೆಯಾಯಿತು.

1947ರಿಂದ ಪ್ರೀಮಿಯರ್ ಸಂಸ್ಥೆ ಕ್ರೈಸ್ಲರ್ ಬಳಗದ ಡಾಡ್ಜ್, ಪ್ಲಿಮತ್, ಡಿಸೋಟೊ ಕಾರುಗಳನ್ನು ಜೋಡಿಸತೊಡಗಿತು. ಹಿಂದೂಸ್ತಾನ್ ಮೋಟಾರ್ಸ್ ಸ್ಟುಡಿಬೇಕರನ್ನು ಜೋಡಿಸಿತು. ನಮ್ಮ ಹಿರಿಯ ತಲೆಮಾರು ಅಕ್ಕರೆಯಿಂದ ನೆನೆಯುವ ಕಾರುಗಳು ಬಹುಮಟ್ಟಿಗೆ ಈ ಕಾಲದವು. ಮುಂದಿನ ಸೀಟು ಒಂದೇ ಉದ್ದದ ಮಂಚದಂತೆ. ಗೇರಿನ ಹಿಡಿ ಸ್ಟಿಯರಿಂಗಿನ ಕಂಬಕ್ಕೆ ಅಂಟಿದ್ದರಿಂದ ಮೂವರು ಸುಖವಾಗಿ ಕೂರಬಹುದು, ಮಕ್ಕಳು ಲೆಕ್ಕಕ್ಕಿಲ್ಲ. ಮದುವೆಯ ಮೆರವಣಿಗೆಗೆ ಬೇಡಿಬಂದವರಿಗೆ ಕಾರು ಕೊಡುವುದು ಮಾಲೀಕನಿಗೆ ಗೌರವದ ವಿಷಯ. ಆರು ಸಿಲಿಂಡರಿನ ಎಂಜಿನು ನಿಂತಲ್ಲಿ ಸದ್ದಿಲ್ಲದೆ ಉಸಿರಾಡುತ್ತಿತ್ತು. ಗೇರು ಬದಲಿಸದೆಯೇ ಊರಿನಿಂದ ಊರಿಗೆ ಹೋಗಿಬರುವಷ್ಟು ಅದರ ಎಳೆತವಿತ್ತು. ಸತ್ಯಮಂಗಲದಿಂದ ದಿಂಬಂ ಘಾಟಿಯ 27 ತಿರುವುಗಳನ್ನು ಹತ್ತಿ ಚಾಮರಾಜನಗರದ ಹಾದಿ ಹಿಡಿದು ಮೈಸೂರಿಗೆ ಹೋಗುವುದೆಂದರೆ, ಈ ಸೀಮೆಯ ಕನ್ನಡಿಗರಿಗೆ ಅದು ಭಾಷೆಯ ತವರಿಗೆ ಹೋದಂತೆ.

ಈ ಕಾಲ ಬಹಳ ಉಳಿಯಲಿಲ್ಲ. ಭಾರತದಲ್ಲಿ ತಯಾರಿಕೆಯ ಯೋಜನೆಯಿದ್ದ ಕಂಪನಿಗಳಿಗೆ ಮಾತ್ರ ಅವಕಾಶವಿರಬೇಕೆಂದು 1953ರ ಸುಂಕ ಆಯೋಗ ಶಿಫಾರಸು ಮಾಡಿತು. ಜೋಡಣೆಗಷ್ಟೇ ಬಂದಿದ್ದ ಜನರಲ್ ಮೋಟಾರ್ಸ್ 1954ರಲ್ಲಿ ಬಾಗಿಲು ಮುಚ್ಚಿತು, ಫೋರ್ಡೂ ಹೊರಟಿತು. ಬೀದಿಗೆ ಅಂಬಾಸಡರ್, ಫಿಯಟ್, ಸ್ಟ್ಯಾಂಡರ್ಡ್‌ಗಳು ಬಂದವು. ಹೊಸ ಅಮೆರಿಕದ ಕಾರು ಬಾರದಾಯಿತು, ಬಿಡಿಭಾಗಗಳೂ ಬಾರದಾದವು. ಇದ್ದ ಕಾರುಗಳು ಮಾತ್ರ ಉಳಿದವು. ಅಂದಿನಿಂದ ಅವುಗಳ ಆಯುಷ್ಯ ನಮ್ಮ ಕುಶಲಕರ್ಮಿಗಳ ಕೈಸೇರಿತು. ಜವಳಿ ಗಿರಣಿಗಳಿಗೂ ಪಂಪುಗಳಿಗೂ ಬಿಡಿಭಾಗ ತಯಾರಿಸುತ್ತಿದ್ದ ಎರಕದ ಮನೆಗಳೂ ಲೇತ್ ಶಾಲೆಗಳೂ ಕೊಯಮತ್ತೂರಿನಲ್ಲಿ ತುಂಬಿದ್ದುದು ಇಲ್ಲಿನ ಕಾರುಗಳ ಭಾಗ್ಯ. ಸವೆದ ಪಿಸ್ಟನ್ನಿಗೆ ಹೊಸ ಉಂಗುರ, ಮುರಿದ ಹಲ್ಲುಗಾಲಿಗೆ ಹೊಸ ಹಲ್ಲು, ಇಂಥವನ್ನು ನಕ್ಷೆಯಿಲ್ಲದೆ ಹಳೆಯದನ್ನೇ ಅಳತೆಯಾಗಿಟ್ಟು ಮಾಡಿಕೊಡುವವರು ಇದ್ದರು. ಪೆಟ್ರೋಲು ದುಬಾರಿಯಾದಾಗ ಅನೇಕ ಪ್ಲಿಮತ್, ಡಾಡ್ಜ್‌ಗಳು ತಮ್ಮ ಮೂಲ ಎಂಜಿನನ್ನು ಕಳಚಿ ಪರ್ಕಿನ್ಸ್ ಡೀಸೆಲ್ ಎಂಜಿನನ್ನು ಧರಿಸಿ ಟ್ಯಾಕ್ಸಿಗಳಾದವು. ಕಾರಿನ ಸೊಬಗನ್ನು ಬಲ್ಲವರಿಗೆ ಇದು ಅಪಚಾರವೆನಿಸಬಹುದು. ಆ ಟ್ಯಾಕ್ಸಿಯಿಂದ ಸಂಸಾರ ಸಾಗಿಸಿದವರಿಗೆ ಅದು ಪುನರ್ಜನ್ಮ.

ಇತ್ತ ಬಾಗಿಲು ಮುಚ್ಚಿದ ಮೇಲೆಯೇ ಅತ್ತ ಅಮೆರಿಕದಲ್ಲಿ ‘ಮಸಲ್ ಕಾರ್’ ಎಂಬ ಹೊಸ ತಳಿ ಹುಟ್ಟಿದ್ದು ಚರಿತ್ರೆಯ ವಿನೋದ. ಮಧ್ಯಮ ಗಾತ್ರದ ಸಾಧಾರಣ ಕಾರಿನೊಳಗೆ ದೊಡ್ಡ ಕಾರಿನ ವಿ-8 ಎಂಜಿನನ್ನು ಕೂರಿಸುವುದೇ ಅದರ ಗುಟ್ಟು. 1964ರ ಪಾಂಟಿಯಾಕ್ ಜಿಟಿಒ ಈ ತಳಿಯ ಮೂಲಪುರುಷ: ಎಂಜಿನು 6.4 ಲೀಟರಿನದು, ಶಕ್ತಿ 325 ಅಶ್ವಬಲ. ಅದೇ ದಶಕದ ನಮ್ಮ ಅಂಬಾಸಡರಿನ ಎಂಜಿನು ಒಂದೂವರೆ ಲೀಟರಿನದು ಎಂಬುದನ್ನು ನೆನೆದರೆ ಅಂತರ ತಿಳಿದೀತು. ಅದೇ ವರ್ಷದ ಏಪ್ರಿಲ್ 17ರಂದು ಬಿಡುಗಡೆಯಾದ ಫೋರ್ಡ್ ಮಸ್ಟಾಂಗ್ ಮೊದಲ ವರ್ಷದಲ್ಲೇ ನಾಲ್ಕು ಲಕ್ಷವನ್ನು ಮೀರಿ ಮಾರಾಟವಾಯಿತು. ಡಾಡ್ಜ್ ಚಾರ್ಜರ್, ಷೆವರ್ಲೆ ಕಮಾರೊಗಳು ಹಿಂಬಾಲಿಸಿದವು. ನಮ್ಮ ನಾಡಿಗೆ ಅವು ಬಂದದ್ದು ಬೆರಳೆಣಿಕೆಯಷ್ಟು. ವಿದೇಶಿ ರಾಯಭಾರಿ ಕಚೇರಿಗಳವರು ಬಿಟ್ಟುಹೋದ ಕಾರುಗಳನ್ನು ರಾಜ್ಯ ವ್ಯಾಪಾರ ನಿಗಮ ಹರಾಜು ಹಾಕುತ್ತಿದ್ದುದೊಂದೇ ಮುಖ್ಯ ದಾರಿ. ಉಳಿದವರು ಅವನ್ನು ಹಾಲಿವುಡ್ ಚಿತ್ರಗಳಲ್ಲಿ ಕಂಡರು.

ಆದರೆ ಕನ್ನಡಿಗರಲ್ಲಿ ಒಂದು ವರ್ಗಕ್ಕೆ ಅವು ಕೈಗೆಟುಕಿದವು. 1965ರಲ್ಲಿ ಅಮೆರಿಕದ ವಲಸೆ ಕಾನೂನು ಸಡಿಲಗೊಂಡ ಮೇಲೆ ನಮ್ಮ ಎಂಜಿನಿಯರರೂ ವೈದ್ಯರೂ ವಿದ್ಯಾರ್ಥಿಗಳೂ ಅಲ್ಲಿಗೆ ಹೋದರು. ಕೈಯಲ್ಲಿ ಹಣ ಕಡಮೆ. ಮೊದಲ ಕಾರು ಹಳೆಯದೇ. 1970ರ ವಾಯುಶುದ್ಧಿ ಕಾನೂನು, ಏರಿದ ವಿಮಾ ಕಂತು, ಮೇಲೆ 1973ರ ತೈಲ ಬಿಕ್ಕಟ್ಟು ಕಚ್ಚಾತೈಲದ ಬೆಲೆಯನ್ನು ಸುಮಾರು ನಾಲ್ಮಡಿಗೇರಿಸಿದ್ದು, ಇವೆಲ್ಲ ಸೇರಿ ಮಸಲ್ ಕಾರುಗಳ ಯುಗವನ್ನು ಹತ್ತೇ ವರ್ಷಗಳಲ್ಲಿ ಮುಗಿಸಿದವು. ಪೆಟ್ರೋಲು ಕುಡಿಯುವ ದೊಡ್ಡ ಎಂಜಿನಿನ ಹಳೆಯ ಕಾರುಗಳಿಗೆ ಆಗ ಗಿರಾಕಿಗಳಿಲ್ಲದೆ ಬೆಲೆ ಇಳಿಯಿತು. ಶ್ರೀಮಂತ ದೇಶ ಬೇಡವೆಂದು ಬಿಟ್ಟದ್ದು ಹೊಸದಾಗಿ ಬಂದ ಬಡ ವಿದ್ಯಾರ್ಥಿಯ ಮೊದಲ ಆಸ್ತಿಯಾಗಲು ಇದರಿಂದ ಸಾಧ್ಯವಾಯಿತು. ಅದರ ಹುಡ್ ತೆರೆದು ಚಳಿಯಲ್ಲಿ ತಾನೇ ರಿಪೇರಿ ಮಾಡಿಕೊಳ್ಳುವುದು ಅನಿವಾರ್ಯವೂ ಆಗಿತ್ತು, ಅಭಿಮಾನವೂ ಆಗಿತ್ತು. ಪೊಳ್ಳಾಚಿಯ ಪೇಟೆಯಲ್ಲಿ ಪ್ಲಿಮತ್ತಿಗೆ ಆದದ್ದೇ ಅಲ್ಲಿ ಮಸ್ಟಾಂಗಿಗೆ ಆಯಿತು: ಕಾರು ಎರಡನೆಯ ಒಡೆಯನ ಕೈಯಲ್ಲಿ ನಿಜವಾದ ಬಾಳನ್ನು ಬಾಳಿತು.

ಇಂದು ಈ ಕಾರುಗಳಿಗೆ ಮತ್ತೆ ಬೆಲೆ ಬಂದಿದೆ. ಕೊಯಮತ್ತೂರಿನ ಅವಿನಾಶಿ ರಸ್ತೆಯಲ್ಲಿ ಜಿ. ಡಿ. ನಾಯ್ಡು ಅವರ ಮನೆತನದವರು 2015ರಲ್ಲಿ ಜೀಡೀ ಕಾರ್ ಮ್ಯೂಸಿಯಂ ತೆರೆದಿದ್ದಾರೆ. ಧರ್ಮಸ್ಥಳದ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಸಂಗ್ರಹ ‘ಪಯಣ’ ಎಂಬ ಹೆಸರಿನಲ್ಲಿ 2023ರಿಂದ ಶ್ರೀರಂಗಪಟ್ಟಣದ ಬಳಿ ಜನರಿಗೆ ತೆರೆದಿದೆ. ಎರಡೂ ಮಕ್ಕಳಿಗೆ ತೋರಿಸಬೇಕಾದ ಸ್ಥಳಗಳು. ಅಲ್ಲಿ ಲೋಹ ಹೊಳೆಯುತ್ತದೆ, ಫಲಕದಲ್ಲಿ ತಯಾರಕನ ಹೆಸರೂ ವರ್ಷವೂ ಇರುತ್ತವೆ. ಗಾಲಿಗೆ ಕಲ್ಲು ಕೊಟ್ಟ ಹುಡುಗನ ಹೆಸರು, ಸದ್ದು ಕೇಳಿಯೇ ರೋಗ ಹೇಳುತ್ತಿದ್ದ ಮೇಸ್ತ್ರಿಯ ಹೆಸರು ಯಾವ ಫಲಕದಲ್ಲೂ ಹಿಡಿಯುವಂಥವಲ್ಲ. ಅವು ಉಳಿದಿರುವುದು ನಮ್ಮ ಮನೆಗಳ ಮಾತಿನಲ್ಲಿ. ಆ ಮಾತನ್ನಾಡುವವರಿಗೆ ಈಗ ಎಂಬತ್ತರ ಆಚೀಚೆ ವಯಸ್ಸು.

ನಮ್ಮ ಸಂಘದ ಮನೆಗಳಲ್ಲಿ ಹಳೆಯ ಕಾರಿನ ಮುಂದೆ ನಿಂತು ತೆಗೆಸಿಕೊಂಡ ಕುಟುಂಬದ ಛಾಯಾಚಿತ್ರ ಇದ್ದರೆ, ಅದರ ಹಿಂಬದಿಯಲ್ಲಿ ಇರುವವರೆಲ್ಲರ ಹೆಸರನ್ನು ಕನ್ನಡದಲ್ಲಿ ಬರೆದಿಡೋಣ. ಚಕ್ರದ ಹಿಂದೆ ಕುಳಿತವನ ಹೆಸರನ್ನೂ ಬಿಡದಿರೋಣ.